ಯಾರ ಮನಿ ದೇವರೋ, ಹಸದಿರತಾನ

ನಮ್ಮ ಮಾವನವರಿಗೆ ಎರಡು ಚಟಗಳಿದ್ದವು. ಒಂದು ಎಲೆ-ಅಡಿಕೆ, ಇನ್ನೊಂದು ಹಳೆಯ ಸಾಮಾನು. ಮೊದಲನೆಯದನ್ನು ಹಲ್ಲಿನ ಡಾಕ್ಟರು ಬಿಡಿಸಿದರು. ಎರಡನೆಯದನ್ನು ಬಿಡಿಸುವ ಡಾಕ್ಟರು ಜಮಖಂಡಿಯಲ್ಲಿ ಇರಲಿಲ್ಲ. ಇದ್ದಿದ್ದರೆ ಮಾವನವರು ಅವರ ಮನೆಯ ಅಟ್ಟವನ್ನೂ ಒಮ್ಮೆ ಇಣುಕಿ ನೋಡಿ ಬರುತ್ತಿದ್ದರು.

ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ವಸ್ತುಚಿತ್ರದ ತರಗತಿಗೆ ಶಾಲೆಯ ಕಪಾಟಿನಲ್ಲಿ ಇದ್ದದ್ದು ಒಂದೇ ಒಂದು ನಗ್ಗಿದ ತಂಬಿಗೆ. ಅದನ್ನು ಬರೆದು ಬರೆದು ಹುಡುಗರಿಗೆ ಎಷ್ಟು ಬಾಯಿಪಾಠ ಆಗಿತ್ತೆಂದರೆ, ಇವರು ತಂಬಿಗೆಯನ್ನು ಮೇಜಿನ ಮೇಲೆ ಇಡುವ ಮೊದಲೇ ಚಿತ್ರ ಮುಗಿದಿರುತ್ತಿತ್ತಂತೆ. ಬೇರೆ ಏನಾದರೂ ಸಿಗಲಿ ಎಂದು ಸಂತೆಗೆ ಹೋದವರು ಒಂದು ಅಡಕತ್ತರಿ ತಂದರು, ಅದರ ಮೇಲೆ ಗಂಡ-ಹೆಂಡತಿಯ ಗೊಂಬೆಗಳಿದ್ದವು. ಅಲ್ಲಿಂದ ಹತ್ತಿದ್ದು ಇಳಿಯಲೇ ಇಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ನಮ್ಮ ಬಾಗಲಕೋಟೆ ಜಿಲ್ಲೆ ವಿಜಾಪುರದಿಂದ ಬೇರೆಯಾದ ಹೊಸತರಲ್ಲಿ. ಜಿಲ್ಲೆಯೂ ಹೊಸದು, ಸೊಸೆಯೂ ಹೊಸಬಳು, ಮನೆ ಮಾತ್ರ ತುಂಬಿ ತುಳುಕುವಷ್ಟು ಹಳತು. ಮೊದಲ ದಿನ ಬೆಳಿಗ್ಗೆ ಎದ್ದು ಹೊರಗೆ ಬರುವಾಗ ಸರಪಳಿಯ ತೂಗುದೀಪ ಹಣೆಗೆ ಬಡಿಯಿತು. ಮಾವನವರು ಓಡಿ ಬಂದು ಮೊದಲು ದೀಪವನ್ನು ಹಿಡಿದು ನೋಡಿದರು, ಆಮೇಲೆ ನನ್ನ ಹಣೆಯನ್ನು. ಆ ಅನುಕ್ರಮವನ್ನು ನಾನು ಅವರಿಗೆ ಕೊನೆಯವರೆಗೂ ಮರೆಯಗೊಡಲಿಲ್ಲ.

ಕಪಾಟಿನಲ್ಲಿ ಏನಿತ್ತು ಎಂದು ಕೇಳಬೇಡಿ. ನೀಲಿ ಹಾವಿನಂಥ ಪ್ರಾಣಿ ಸುತ್ತಿಕೊಂಡ ಚೀನಾದ ಭರಣಿ ಇತ್ತು. ಯಾರದೋ ವಾಡೆಯ ಗೋಡೆಯಿಂದ ಕಿತ್ತ, ನವಿಲು ಬರೆದ ಜಪಾನಿನ ಬಿಲ್ಲೆಗಳಿದ್ದವು. ಅರಗಿನ ಬಣ್ಣದ ಬರ್ಮಾದ ಎಲೆಪೆಟ್ಟಿಗೆಯೊಂದಿತ್ತು, ಅದರಲ್ಲಿ ಅತ್ತೆ ಗುಂಡಿ ಮತ್ತು ದಾರ ಇಟ್ಟುಕೊಂಡಿದ್ದರು. ಕುಂಕುಮದ ಭರಣಿ, ಧೂಪಾರತಿ, ಮರದ ನಂದಿ. ಇವೆಲ್ಲಕ್ಕಿಂತ ಹೆಚ್ಚು ಇದ್ದದ್ದು ದೇವರು. ಹಿತ್ತಾಳೆಯ ವೀರಭದ್ರರು, ಕುದುರೆ ಏರಿದ ಮೈಲಾರಲಿಂಗ, ಎಲ್ಲಮ್ಮನ ಮುಖಗಳು. ತಿಕ್ಕಿ ತಿಕ್ಕಿ ಮೂಗು ಸವೆದು ಯಾರೆಂದು ತಿಳಿಯದ ಮೂವರು ನಾಲ್ವರೂ ಇದ್ದರು.

ಈ ದೇವರ ವಿಷಯದಲ್ಲಿ ಅತ್ತೆ-ಮಾವನವರ ನಡುವೆ ಒಂದು ಕರಾರು ಇತ್ತು. ಅತ್ತೆಯ ಬಾಯಲ್ಲೇ ಹೇಳುವುದಾದರೆ, "ಆಟದ ಸಾಮಾನ ನಿಮ್ಮಾವು, ದೇವರು ನನ್ನಾವು." ಮಾವನವರು ದೇವರನ್ನು ಚೀಲದಲ್ಲಿ ಹಾಕಿಕೊಂಡು ನೇರವಾಗಿ ಕಪಾಟಿಗೆ ಹೋಗುವಂತಿರಲಿಲ್ಲ. ಹೊಸ್ತಿಲಲ್ಲಿ ನಿಲ್ಲಬೇಕು. ಅತ್ತೆ ಒಂದು ತಂಬಿಗೆ ನೀರು ತಂದು ದೇವರ ಪಾದದ ಮೇಲೆ ಹಾಕಬೇಕು. ಆಮೇಲೆ ಒಳಗೆ ಕರೆದು ಜಗಲಿಯ ಮೇಲೆ ಇಟ್ಟು ಅವತ್ತು ಮನೆಯಲ್ಲಿ ಏನು ಮಾಡಿದ್ದಾರೋ ಅದನ್ನು ಎಡೆ ಹಿಡಿಯಬೇಕು. ನಮ್ಮ ಕಡೆ ಜಗಲಿ ಎಂದರೆ ಮನೆಯ ಮುಂದಿನ ಕಟ್ಟೆಯಲ್ಲ, ಒಳಗೆ ದೇವರನ್ನು ಕೂರಿಸುವ ಕಟ್ಟೆ. ನಮ್ಮ ಜಗಲಿಯ ಮೇಲೆ ಗುರುವಾರದ ಸಂತೆಯಷ್ಟು ದಟ್ಟಣೆ ಇತ್ತು.

"ಇವೆಲ್ಲಾ ನಮ್ಮ ಮನಿ ದೇವರಲ್ಲಲ್ರೀ ಅತ್ತಿ. ದಿನಾ ಇಷ್ಟು ಮಂದಿಗೆ ಯಾಕ ಎಡಿ?" ಎಂದು ಹೊಸದರಲ್ಲಿ ನಾನೇ ಕೇಳಿದ್ದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಪ್ರಶ್ನೆ ಕೇಳುವುದು ನನಗೆ ಸಂಬಳದ ಕೆಲಸ.

ಅತ್ತೆ ನನ್ನ ಕಡೆ ನೋಡದೆ ಹೇಳಿದರು: "ಯಾರ ಮನಿ ದೇವರೋ ಏನೋ, ಹಸದಿರತಾನ."

ಮಾವನವರಿಗೆ ಎಡೆಯ ಬಗ್ಗೆ ತಕರಾರಿರಲಿಲ್ಲ. ಅವರ ಹೊಟ್ಟೆ ಉರಿಯುತ್ತಿದ್ದದ್ದು ಹುಣಸೆಹಣ್ಣಿನ ಬಗ್ಗೆ. ಅಮಾವಾಸ್ಯೆ ಬಂತೆಂದರೆ ಅತ್ತೆ ಎಲ್ಲ ದೇವರನ್ನೂ ಬುಟ್ಟಿಯಲ್ಲಿ ಹಿತ್ತಲಿಗೆ ಒಯ್ದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಥಳಥಳ ಮಾಡಿಬಿಡುತ್ತಿದ್ದರು.

"ಅದು ಹೊಲಸಲ್ಲ, ನೂರಾರು ವರ್ಷದ ಬಣ್ಣ ಅದು!" ಎಂದು ಮಾವನವರು ಅಳುವ ಧಾಟಿಯಲ್ಲಿ ಹೇಳುತ್ತಿದ್ದರು.

"ನೂರಾರು ವರ್ಷದ ಹೊಲಸು ಅನ್ರಿ," ಎಂದು ಅತ್ತೆ ಇನ್ನಷ್ಟು ಹುಣಸೆಹಣ್ಣು ತೆಗೆದುಕೊಳ್ಳುತ್ತಿದ್ದರು.

ಅತ್ತೆಯ ತವರು ಬೀಳಗಿ ತಾಲ್ಲೂಕಿನಲ್ಲಿ ಹೊಳೆಯ ದಂಡೆಯ ಊರು. ಮದುವೆಯಾದ ವಾರದಲ್ಲೇ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದರು, ಮನೆದೇವರಿಗೆ ಕಾಯಿ ಒಡೆಸಲು. ಒಳಮನೆಯ ಗೋಡೆಯ ಗೂಡಿನಲ್ಲಿ ಗೇಣುದ್ದದ ಹಿತ್ತಾಳೆಯ ವೀರಭದ್ರ. ಕೈಯಲ್ಲಿ ಕತ್ತಿ, ಗುರಾಣಿ. ಕಾಲ ಬಳಿ ಕುರಿತಲೆಯ ದಕ್ಷ ಕೈಮುಗಿದು ನಿಂತಿದ್ದ. ಎಲ್ಲ ಸರಿ, ಕಣ್ಣು ಮಾತ್ರ ಮೆಳ್ಳಗಣ್ಣು. ಅತ್ತೆ ಸಣ್ಣವರಿದ್ದಾಗ ಅವರಿಗೆ ಕಣ್ಣುಬೇನೆಯಾಗಿ ತಿಂಗಳುಗಟ್ಟಲೆ ಕಣ್ಣು ತೆರೆಯಲಾಗಿರಲಿಲ್ಲವಂತೆ. ಅವರ ತಾಯಿ ದೇವರಿಗೆ ಬೆಳ್ಳಿಯ ಕಣ್ಣು ಹಚ್ಚಿಸುತ್ತೇನೆಂದು ಬೇಡಿಕೊಂಡರು. ಮಗಳ ಕಣ್ಣು ನೆಟ್ಟಗಾಯಿತು. ಆದರೆ ಅಕ್ಕಸಾಲಿಗ ಬೆಸೆಯುವಾಗ ದೇವರ ಒಂದು ಕಣ್ಣು ಜಾರಿ ಹುಬ್ಬಿನ ಕಡೆ ಹೋಗಿಬಿಟ್ಟಿತ್ತು. "ಅಪ್ಪಾ ಒಂದ ಕಣ್ಣಿಲೆ ಒಲಿ ಮ್ಯಾಗಿನ ಹಾಲ ನೋಡ್ತಾನ, ಇನ್ನೊಂದ ಕಣ್ಣಿಲೆ ಬಾಗಲಾ ಕಾಯ್ತಾನ," ಎಂದು ಆ ತಾಯಿ ಹೇಳುತ್ತಿದ್ದರಂತೆ.

ಅವನನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಸೆರಗಿನ ಮರೆಯಲ್ಲಿ ನನ್ನ ತೋಳು ಚಿವುಟಿದರು.

"ನಗಬ್ಯಾಡ, ಅಂವ ನೋಡಾಕತ್ತಾನ."

"ಯಾವ ಕಣ್ಣಿಲೆ ರೀ?" ಎಂದೆ. ಅತ್ತೆಗೂ ನಗು ಬಂದು ಇಬ್ಬರೂ ಹಿತ್ತಲಿಗೆ ಓಡಿದೆವು. ಅತ್ತೆ-ಸೊಸೆ ನಾವು ಗೆಳತಿಯರಾದದ್ದು ಆ ಮೆಳ್ಳಗಣ್ಣನಿಂದಲೇ.

ಅದಾದ ಕೆಲವೇ ವರ್ಷಗಳಲ್ಲಿ ಅಣೆಕಟ್ಟಿನ ಹಿನ್ನೀರು ಬಂತು. ಊರಿಗೆ ಊರೇ ಎದ್ದು ದಿನ್ನೆಯ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಹೋಗಬೇಕಾಯಿತು. ಅತ್ತೆಯ ತವರಿನಲ್ಲಿ ಇಬ್ಬರು ಅಣ್ಣತಮ್ಮಂದಿರು, ಇಬ್ಬರು ಸೊಸೆಯರು. ಆ ಮನೆಯ ಪದ್ಧತಿ ಹೀಗಿತ್ತು: ದೇವರನ್ನು ಎತ್ತುವುದು ಹಿರಿಸೊಸೆಯ ಹಕ್ಕು. ಎಲ್ಲ ಸಾಮಾನು ಹೋದಮೇಲೆ, ಒಲೆಯ ಬೆಂಕಿ ಆರಿಸಿದ ಮೇಲೆ, ಕಟ್ಟಕಡೆಗೆ ಆಕೆ ದೇವರನ್ನು ಉಡಿಯಲ್ಲಿ ಇಟ್ಟುಕೊಂಡು ತಿರುಗಿ ನೋಡದೆ ಹೊರಬೀಳಬೇಕು.

ಹೊರಡುವ ದಿನ ಬೆಳಿಗ್ಗೆಯೇ ಹಿರಿಸೊಸೆ ಹೊರಗಾದಳು. ನಮ್ಮಲ್ಲಿ ಸೂತಕವಿಲ್ಲ, ಮುಟ್ಟಿಲ್ಲ ಎಂದು ವೇದಿಕೆಯ ಮೇಲೆ ಎಲ್ಲರೂ ಹೇಳುತ್ತೇವೆ. ಮನೆಯ ಗೂಡಿನ ಮುಂದೆ ನಿಂತಾಗ ಆ ಭಾಷಣ ಯಾರಿಗೂ ನೆನಪಾಗುವುದಿಲ್ಲ. ಓಣಿಯಲ್ಲಿ ಟ್ರ್ಯಾಕ್ಟರುಗಳು ಸದ್ದು ಮಾಡುತ್ತ ನಿಂತಿವೆ, ಮನೆತುಂಬ ಗಂಡಸರು. ಆಕೆ ಬಾಯಿಬಿಟ್ಟು ಹೇಳಲಿಲ್ಲ. ತಾನು ಗೂಡಿನಿಂದ ದೂರ ಸರಿದು ನಿಂತದ್ದನ್ನು ನೋಡಿ ಕಿರಿಯವಳು ತಿಳಿದುಕೊಂಡು ದೇವರನ್ನು ಎತ್ತುತ್ತಾಳೆ ಎಂದುಕೊಂಡಳು. ಕಿರಿಯವಳು, ಎತ್ತುವುದು ಅಕ್ಕನ ಹಕ್ಕು, ತಾನು ಕೈಹಾಕಿದರೆ ನಾಳೆ ಹಿರೇತನ ಕಸಿದುಕೊಂಡಳು ಎಂಬ ಮಾತು ಬರುತ್ತದೆ ಎಂದುಕೊಂಡಳು. ಒಬ್ಬಳು ಮುಂದಿನ ಟ್ರ್ಯಾಕ್ಟರು ಹತ್ತಿದಳು, ಇನ್ನೊಬ್ಬಳು ಹಿಂದಿನದನ್ನು. ಇಬ್ಬರೂ ಪದ್ಧತಿಯ ಪ್ರಕಾರ ತಿರುಗಿ ನೋಡಲಿಲ್ಲ.

ಹೊಸ ಮನೆಯ ಬಾಗಿಲಲ್ಲಿ ಆರತಿ ಹಿಡಿದು ನಿಂತವರು ನಮ್ಮ ಅತ್ತೆ. ಸೊಸೆಯರಿಬ್ಬರೂ ಇಳಿದು ಒಬ್ಬರ ಉಡಿಯನ್ನು ಇನ್ನೊಬ್ಬರು ನೋಡಿದರಂತೆ. ಅಣ್ಣತಮ್ಮಂದಿರು ವಾಪಸ್ಸು ಓಡಿದರು. ಬಿಟ್ಟ ಮನೆಗಳ ತೊಲೆ, ಬಾಗಿಲು ಕೀಳಲು ಎಲ್ಲೆಲ್ಲಿಂದಲೋ ಮಂದಿ ಬಂದಿದ್ದರು. ಗೂಡು ಬರಿದಾಗಿತ್ತು.

"ನಿನ್ನ ಕಣ್ಣಿಗೆ ಏನಾಗಿತ್ತ? ನಾ ದೂರ ನಿಂತದ್ದ ಕಾಣಲಿಲ್ಲ?" ಎಂದಳು ಹಿರಿಯವಳು.

"ನಿಮ್ಮ ಬಾಯಿಗೆ ಏನಾಗಿತ್ರಿ?" ಎಂದಳು ಕಿರಿಯವಳು.

ಅವರ ನಡುವೆ ನಡೆದ ಕೊನೆಯ ಮಾತು ಅದು. ಒಲೆ ಎರಡಾದವು. ಒಬ್ಬರ ಮನೆಗೆ ಹೋದರೆ ಇನ್ನೊಬ್ಬರಿಗೆ ಸಿಟ್ಟು ಎಂದು ಅತ್ತೆ ಎರಡೂ ಮನೆಗೆ ಹೋಗುವುದನ್ನು ಬಿಟ್ಟರು. ಹಳೆಯ ಮನೆ ನೀರಿನಲ್ಲಿ, ಹೊಸ ಮನೆಗಳು ಸಿಟ್ಟಿನಲ್ಲಿ. ಮನೆದೇವರು ಇದ್ದ ಮನೆಯೇ ತವರು ಎನ್ನುತ್ತಿದ್ದ ಅವರಿಗೆ ಒಂದೇ ದಿನದಲ್ಲಿ ತವರು ಎಂಬುದೇ ಇಲ್ಲವಾಯಿತು.

ಅವತ್ತೇ ಅತ್ತೆ ಹೂರಣದ ಕಡಬು ತಿನ್ನುವುದನ್ನು ಬಿಟ್ಟರು. ಆ ವೀರಭದ್ರನಿಗೆ ಹಬ್ಬದ ಎಡೆ ಎಂದರೆ ಕಡಬು. ಅವನು ಎಲ್ಲಿದ್ದರೂ ಒಂದು ಹೊತ್ತಿನ ಎಡೆ ಸಿಗುತ್ತಿದೆ ಎಂದು ತಿಳಿಯುವವರೆಗೆ ತಾವು ಕಡಬು ಮುಟ್ಟುವುದಿಲ್ಲ ಎಂದರು. ಪ್ರತಿ ಹಬ್ಬಕ್ಕೂ ಬುಟ್ಟಿಗಟ್ಟಲೆ ಮಾಡಿ, ನಮಗೆಲ್ಲ ತುಪ್ಪ ಸುರಿದು ಬಡಿಸಿ, ತಾವು ಅನ್ನ-ಸಾರು ಉಂಡು ಏಳುತ್ತಿದ್ದರು. ಕಡಬು ಎಂದರೆ ಅತ್ತೆಗೆ ಜೀವ. ಹೂರಣ ರುಬ್ಬುವಾಗ ಬೆರಳು ಸಹ ನೆಕ್ಕದೆ ತೊಳೆದುಕೊಳ್ಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು, ಆಮೇಲೆ ಆ ಸೊಸೆಯರ ಮೇಲೆ ಸಿಟ್ಟು ಬರುತ್ತಿತ್ತು.

ಮಾವನವರ ಚಟಕ್ಕೆ ಈಗ ಒಂದು ಕಾರಣ ಸಿಕ್ಕಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಗುಜರಿ ಅಂಗಡಿಗಳನ್ನೂ ಭಾಂಡೆ-ಪಾತ್ರೆ ಅಂಗಡಿಗಳನ್ನೂ ರವಿವಾರಕ್ಕೊಂದರಂತೆ ಸುತ್ತಿದರು. ಮುಳುಗಿದ ಊರುಗಳ ಎಷ್ಟೋ ಸಾಮಾನು ಆ ಅಂಗಡಿಗಳಿಗೆ ಬಂದು ಬಿದ್ದಿತ್ತು. ಸಿಕ್ಕ ವೀರಭದ್ರನನ್ನೆಲ್ಲ ತಂದರು. ಹೊಸ್ತಿಲಲ್ಲಿ ಅತ್ತೆ ನೀರು ಹಾಕುವ ಮೊದಲು ಬಗ್ಗಿ ಕಣ್ಣು ನೋಡುತ್ತಿದ್ದರು. ಕಣ್ಣು ಸಮ ಇರುತ್ತಿತ್ತು. ಒಂದು ಗಳಿಗೆ ಹಾಗೇ ನಿಂತು, "ಆತು, ಒಳಗ ಬಾರಪಾ," ಎನ್ನುತ್ತಿದ್ದರು. ಬೇರೆಯವರ ದೇವರಿಗೆ ತಾವು ಉಣಿಸಿದರೆ ತಮ್ಮ ದೇವರಿಗೆ ಯಾರೋ ಉಣಿಸುತ್ತಾರೆ ಎಂಬುದು ಅವರ ಲೆಕ್ಕ. ವಿಜ್ಞಾನದ ಟೀಚರಾದ ನಾನು ಅದಕ್ಕೆ ಎದುರು ಮಾತಾಡಲಿಲ್ಲ. ಮಾತಾಡಲು ಮನಸ್ಸೂ ಬರಲಿಲ್ಲ.

ದೂರದವನೊಬ್ಬ ನಮ್ಮ ಮನೆಗೆ ಬಂದದ್ದು ಆ ಕಾಲದಲ್ಲೇ.

ಮುಧೋಳದ ಹತ್ತಿರದ ಹಳ್ಳಿಯಲ್ಲಿ ತೀರಿಕೊಂಡ ಸುಭೇದಾರರೊಬ್ಬರ ಮನೆಯಲ್ಲಿ ಹಳೆಯ ಸಾಮಾನು ತೆಗೆಯುತ್ತಿದ್ದಾರೆ ಎಂದು ಸುದ್ದಿ ಬಂತು. ರಜೆ ಇತ್ತು, ಚೀಲ ಹಿಡಿಯಲು ನಾನೂ ಹೋದೆ. ಬಾಗಿಲಲ್ಲಿ ಮುಧೋಳ ತಳಿಯ ನಾಯಿ ಕುಳಿತಿತ್ತು, ಹೊಟ್ಟೆ ಬೆನ್ನಿಗೆ ಹತ್ತಿದಂಥದು. ಅತ್ತೆ ಬಂದಿದ್ದರೆ ಮೊದಲು ಅದಕ್ಕೆ ರೊಟ್ಟಿ ಹಾಕಿಸುತ್ತಿದ್ದರು. ಸುಭೇದಾರರು ಹಿಂದೆ ದೊಡ್ಡ ಯುದ್ಧದ ಕಾಲದಲ್ಲಿ ಸಮುದ್ರದಾಚೆಯ ಮೂಡಣ ದೇಶಗಳಲ್ಲಿ ಇದ್ದರಂತೆ. ಟ್ರಂಕಿನಿಂದ ಅವರ ಸೊಸೆ ಒಂದು ಗಂಟು ತೆಗೆದಳು. ಒಳಗೆ ಕಟ್ಟಿಗೆಯ ಮುಖವಾಡ. ಕಪ್ಪು ಕೆಂಪು ಬಣ್ಣ, ಹೊರಗೆ ಬಂದ ಕಣ್ಣು, ಕೋರೆಹಲ್ಲು, ತಲೆಗೆ ನಾರಿನ ಕೂದಲು, ಗದ್ದ ದಾಟಿ ಇಳಿದ ನಾಲಗೆ.

"ಒಯ್ರಿ ಮಾಸ್ತರ, ಇದನ್ನ ಕಂಡ್ರ ಹುಡುಗ್ರು ಉಣ್ಣಾಂಗಿಲ್ಲ," ಎಂದಳಾಕೆ.

ಬಸ್ಸಿನಲ್ಲಿ ಮಾವನವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಸಿನ ಹಾಗೆ ಸವರುತ್ತಾ ಬಂದರು. ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿ ಎದ್ದು ಬೇರೆ ಕಡೆ ಹೋದಳು.

ಮನೆಯ ಹೊಸ್ತಿಲಲ್ಲಿ ಅತ್ತೆ ತಂಬಿಗೆ ಹಿಡಿದು ನಿಂತರು. ನೋಡಿದರು. "ಇಂವ ಯಾರು?"

"ದೇವರೋ ದೆವ್ವೋ ನನಗೂ ಗೊತ್ತಿಲ್ಲ. ಸಮುದ್ರದ ಆಚಿಗಿನ ನಡುಗಡ್ಡಿ ಕಡೇದು. ಅಲ್ಲಿ ಇದನ್ನ ಕಟಗೊಂಡು ಕುಣಿತಾರ ಕಾಣತೈತಿ. ಇದು ದೇವರಂತ ಹೇಳಾಕ ಬರಾಂಗಿಲ್ಲ. ಕಪಾಟಿನ್ಯಾಗ ಇಡತೇನಿ," ಎಂದರು ಮಾವನವರು ಆಸೆಯಿಂದ.

ಅತ್ತೆ ಆ ನಾಲಗೆಯನ್ನೇ ನೋಡುತ್ತಿದ್ದರು. "ನಾಲಗಿ ಹೊರಗ ಹಾಕ್ಯಾನಲ್ರಿ ಪಾಪ. ಎಷ್ಟ ದಿನದ ಹಸಿವೋ ಏನೋ."

ಪಾದವಿಲ್ಲದ್ದರಿಂದ ನೀರನ್ನು ಅವನ ಗದ್ದದ ಕೆಳಗೆ ನೆಲಕ್ಕೆ ಹಾಕಿ ಒಳಗೆ ಕರೆದುಕೊಂಡರು. ಜಗಲಿಯ ಮೇಲೆ ಕೂರಿಸಲಿಲ್ಲ. ಅದರ ಪಕ್ಕ ಒಂದು ಮಣೆ ಇಟ್ಟು ಗೋಡೆಗೆ ಒರಗಿಸಿದರು. "ನಮ್ಮಾಂವಲ್ಲ, ಹೊರಗಿನಾಂವನೂ ಅಲ್ಲ. ಪಾವಣ್ಯಾ," ಎಂದರು. ಬಂದ ನೆಂಟನಿಗೆ ನಮ್ಮ ಕಡೆ ಹೇಳುವ ಮಾತದು. ಜೋಳದ ರೊಟ್ಟಿಯ ಚೂರಿಗೆ ಬೆಣ್ಣೆ ಹಚ್ಚಿ ನಾಲಗೆಯ ತುದಿಗೆ ಇಟ್ಟರು. ಮಾವನವರು ಎದೆ ಹಿಡಿದುಕೊಂಡು, "ಬಣ್ಣ! ಬಣ್ಣ ಹೋಗತೈತಿ!" ಎಂದು ಕೂಗಿದರು. ಆ ಕೂಗಿಗೆ ಮನೆಯಲ್ಲಿ ಬೆಲೆ ಇರಲಿಲ್ಲ. ಕೆಲವು ದಿನಗಳಲ್ಲಿ ಅವನಿಗೆ ದೂರದಾಂವ ಎಂಬ ಹೆಸರೂ ಬಿತ್ತು. "ದೂರದಾಂವಂದು ಆತೇನು?" ಎಂದು ಕೇಳಿಯೇ ಅತ್ತೆ ಊಟಕ್ಕೆ ಕೂರುತ್ತಿದ್ದರು. ಅವನ ನಿಜವಾದ ಭಕ್ತರು ಮಾತ್ರ ಇರುವೆಗಳು. ಸಾಲುಗಟ್ಟಿ ಬಂದು ಸಾಲುಗಟ್ಟಿ ಹೋಗುತ್ತಿದ್ದವು.

ಒಮ್ಮೆ ಪುಣೆಯಿಂದ ಹಳೆಯ ವಸ್ತುಗಳನ್ನು ಕೊಂಡು ಇಟ್ಟುಕೊಳ್ಳುವ ದೊಡ್ಡ ಮನುಷ್ಯರೊಬ್ಬರು ಯಾರದೋ ಮಾತು ಕೇಳಿ ಬಂದರು. ದೂರದವನನ್ನು ಕಂಡು ಅವರ ಕಣ್ಣು ಅರಳಿತು, ನಾಲಗೆಯ ಮೇಲಿನ ಬೆಣ್ಣೆ ಕಂಡು ಮುಖ ಬಾಡಿತು. ಆದರೂ ತಮಗೆ ಕೊಡಿ ಎಂದರು. ಅಲ್ಲಿ ಇವನಿಗೆ ಯಾರು ಉಣಿಸುತ್ತಾರೆ ಎಂದು ಅತ್ತೆ ಕೇಳಿದರು. ಅವರು ನಕ್ಕು, ಗಾಜಿನ ಕಪಾಟಿನಲ್ಲಿ ಭದ್ರವಾಗಿ ಇಡುತ್ತೇವೆ, ಧೂಳೂ ತಾಗುವುದಿಲ್ಲ ಎಂದರು.

"ಗಾಜಿನಾಗ ಇದ್ರ ನಾಲಗಿ ಎಲ್ಲಿ ಚಾಚಬೇಕ್ರಿ ಅಂವ?" ಎಂದು ಅತ್ತೆ ಒಳಗೆ ಹೋದರು. ಬಂದವರು ಚಹ ಕುಡಿದು ಎದ್ದರು. ಮಾವನವರು ಬೇಸರದ ಮುಖ ಮಾಡಿಕೊಂಡು ಅವರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದು, ಅವತ್ತು ಎರಡು ರೊಟ್ಟಿ ಹೆಚ್ಚು ಉಂಡರು.

ವರ್ಷಗಳು ಹೋದವು. ಮೆಳ್ಳಗಣ್ಣನ ಸುದ್ದಿ ಇಲ್ಲ. ಅವನನ್ನು ಕರಗಿಸಿ ಕೊಡ ಮಾಡಿರಬೇಕು ಎಂದು ಮಾವನವರು ನನ್ನ ಬಳಿ ಒಮ್ಮೆ ಮೆಲ್ಲಗೆ ಹೇಳಿದ್ದರು, ಅತ್ತೆಯ ಬಳಿ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಒಂದು ಶ್ರಾವಣದಲ್ಲಿ, ಹುನ್ನೂರಿನ ನನ್ನ ತಮ್ಮನ ಮದುವೆಗೆಂದು ಸೀರೆ ಕೊಳ್ಳಲು ಬನಹಟ್ಟಿಯ ನೇಕಾರರ ಮನೆಯೊಂದಕ್ಕೆ ಹೋದೆ. ಪಡಸಾಲೆಯಲ್ಲಿ ಮಗ್ಗ ನಡೆದಿತ್ತು. ಮನೆಯಾಕೆ ನನ್ನಷ್ಟೇ ವಯಸ್ಸಿನವಳು, ಸೀರೆಗಳನ್ನು ಹರವಿ ಚಹ ತರಲು ಒಳಗೆ ಹೋದಳು. ಹೋಗುವಾಗ ಒಳಮನೆಯ ಪರದೆ ಸರಿಯಿತು. ಜಗಲಿಯ ಮೇಲೆ, ಚೆಂಡುಹೂವಿನ ನಡುವೆ ಒಬ್ಬ ವೀರಭದ್ರ. ಒಂದು ಕಣ್ಣು ಮಗ್ಗ ನೋಡುತ್ತಿತ್ತು, ಇನ್ನೊಂದು ನನ್ನನ್ನು.

ತೋಳಿನ ಮೇಲೆ ಅತ್ತೆ ಚಿವುಟಿದ ಹಾಗೆ ಆಯಿತು, ಸುಳ್ಳು ಹೇಳುವುದಿಲ್ಲ.

"ಇಂವ ನಿಮ್ಮ ಮನಿ ದೇವರೇನ್ರಿ?" ಎಂದು ಕೇಳಿದೆ.

"ಈಗ ನಮ್ಮಾಂವನ ಅನ್ರಿ ಅಕ್ಕೋರ," ಎಂದಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಹಾಗೇ ಕರೆಯುವುದು. "ಭಾಳ ವರ್ಷಾತು. ಗುಜರಿ ಅಂಗಡಿ ಮುಂದಿಂದ ಬರಾಕತ್ತಿದ್ದೆ. ತಕ್ಕಡ್ಯಾಗ ತಲಿ ಕೆಳಗ ಮಾಡಿ ಇಟ್ಟಿದ್ರು. ಕಣ್ಣ ಕಿತಗೊಂಡಿದ್ರು. ನೋಡಾಕ ಆಗಲಿಲ್ಲ. ಮನಿಗೆ ಓಡಿ ಬಂದು ನಮ್ಮವ್ವ ಮದವ್ಯಾಗ ಕೊಟ್ಟ ಹಿತ್ತಾಳಿ ಕೊಡಾ ಒಯ್ದು ಆ ತಕ್ಕಡ್ಯಾಗ ಇಟ್ಟು ಇಂವನ್ನ ಎತಗೊಂಡು ಬಂದೆ."

"ಮತ್ತ ಈ ಕಣ್ಣು?"

"ನನ್ನ ಹಳೇ ಕಾಲುಂಗರ ಕರಗಿಸಿ ಮಾಡಿಸಿದ್ದು. ಹಳೇ ಕಣ್ಣ ಬೆಸದ ಗುರುತು ಒಂದು ಮ್ಯಾಗ, ಒಂದು ಕೆಳಗ ಇದ್ದುವ್ರಿ. ಅಕ್ಕಸಾಲ್ಯಾ ಎರಡೂ ಸಮ ಮಾಡ್ಲೇನವಾ ಅಂತ ಕೇಳಿದ. ಬ್ಯಾಡೋ ಎಪ್ಪಾ, ಎಲ್ಲಿ ಇದ್ದೂವೋ ಅಲ್ಲೇ ಹಚ್ಚು ಅಂದೆ. ಅವರ ಮನಿ ಮಂದಿ ಹಂಗ ನೋಡಿರತಾರಲ್ರೀ ಅಂವನ್ನ."

ಸೀರೆ ಕೊಳ್ಳುವುದನ್ನು ಮರೆತು ಬಸ್ಸು ಹತ್ತಿದೆ. ಸಂಜೆ ಅತ್ತೆ ಅಕ್ಕಿ ಆರಿಸುತ್ತಿದ್ದರು, ಮಾವನವರು ಯಾವುದೋ ಧೂಪಾರತಿಯ ಹಿಡಿಕೆ ಕೂರಿಸುತ್ತಿದ್ದರು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ನೇರವಾಗಿ ಹೇಳಿಬಿಟ್ಟೆ. ಮಾವನವರು ಹಿಡಿಕೆ ಕೆಳಗಿಟ್ಟು, "ಆ ಓಣ್ಯಾಗ ನಾ ಎಷ್ಟ ಸಲ ಅಡ್ಡಾಡೇನಿ!" ಎಂದರು. ಸಂತೋಷಕ್ಕಿಂತ ಅವಮಾನವೇ ಮೊದಲು ಬಂತು ಅವರಿಗೆ. ಆಮೇಲೆ ಒಂದೇ ಉಸಿರಿಗೆ, ಬದಲಿಗೆ ನಮ್ಮ ಎರಡು ವೀರಭದ್ರರನ್ನು ಕೊಡೋಣ, ಬೇಕಾದರೆ ಮೈಲಾರಲಿಂಗನನ್ನೂ ಕೊಡೋಣ ಎಂದು ಶುರುಮಾಡಿದರು.

ಅತ್ತೆ ಮೊರವನ್ನು ಪಕ್ಕಕ್ಕೆ ಇಟ್ಟರು. "ಉಣಸ್ತಾಳೇನು?" ಎಂದು ಕೇಳಿದರು.

"ಅಂವಗ ಏನ ಸೇರತೈತಿ ಗೊತ್ತಿಲ್ಲಂತ. ಸಕ್ರಿ ಇಡತಾಳ."

"ದಿನಾ?"

"ದಿನಾ."

ಅತ್ತೆ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತರು. ಅವರು ಅಷ್ಟು ದೊಡ್ಡ ದನಿಯಲ್ಲಿ ಅತ್ತದ್ದನ್ನು ನಾನು ಕೇಳಿರಲಿಲ್ಲ. ನಾನೂ ಪಕ್ಕದಲ್ಲಿ ಕುಳಿತು ಅತ್ತುಬಿಟ್ಟೆ, ಯಾಕೆ ಎಂದು ವಿಚಾರ ಮಾಡಲಿಲ್ಲ.

ಮರುದಿನವೇ ಅತ್ತೆ ತವರಿನ ಇಬ್ಬರು ಸೊಸೆಯರಿಗೂ ಹೇಳಿಕಳಿಸಿದರು. ಇಬ್ಬರೂ ಬಂದರೆ ಮಾತ್ರ ದೇವರ ಹತ್ತಿರ ಕರೆದೊಯ್ಯುತ್ತೇನೆ, ಒಬ್ಬಳೇ ಬಂದರೆ ಬಾಗಿಲಿಂದಲೇ ವಾಪಸ್ಸು ಎಂದು. ಸೋಮವಾರ ಬೇರೆ ಬೇರೆ ಬಸ್ಸಿನಲ್ಲಿ ಬಂದರು. ಟಂಟಂ ಆಟೋದಲ್ಲಿ ಅತ್ತೆ ನಡುವೆ ಕುಳಿತರು, ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ಮಾವನವರು ಡ್ರೈವರನ ಪಕ್ಕ, ಡ್ರಾಯಿಂಗ್ ಹಲಗೆ ಹಿಡಿದುಕೊಂಡು. ನನ್ನ ತೊಡೆಯ ಮೇಲೆ ಹೂರಣದ ಡಬ್ಬಿ. ಬನಹಟ್ಟಿಯವರೆಗೆ ಯಾರೂ ಒಂದು ಮಾತಾಡಲಿಲ್ಲ. ಡ್ರೈವರ್ ಸಾವಿನ ಮನೆಗೆ ಹೊರಟಿದ್ದೇವೆ ಎಂದುಕೊಂಡು ಹಾಡು ಬಂದ್ ಮಾಡಿದ್ದ.

ನೇಕಾರರ ಮನೆಯಾಕೆಗೆ ನಾನು ಮೊದಲೇ ಹೇಳಿಕಳಿಸಿದ್ದೆ. ಆಕೆ ಮೆಳ್ಳಗಣ್ಣನಿಗೆ ಮೀಯಿಸಿ ಹೊಸ ಖಣ ಉಡಿಸಿದ್ದಳು. ಅವಳ ಕಣ್ಣು ಬಾತಿದ್ದವು. "ನಿಮ್ಮ ದೇವರು, ಒಯ್ರಿ ಯವ್ವಾರ. ನಾ ಬ್ಯಾಡನ್ನಾಕಿ ಅಲ್ಲ. ಆದರ ಉಣಿಸಿ ಕಳಸ್ತೇನಿ," ಎಂದಳು.

ಅತ್ತೆ ಅವನ ಮುಂದೆ ಕುಳಿತು ಎರಡೂ ಕಣ್ಣನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡು ಅವಳ ಅಡಿಗೆಮನೆಗೇ ಹೋಗಿ ಕಣಕ ನಾದಿದರು, ಕಡಬು ತುಂಬಿ ಕುದಿಯುವ ನೀರಿಗೆ ಬಿಟ್ಟರು. ಆಕೆ ಪಕ್ಕದಲ್ಲಿ ನಿಂತು ನೋಡಿ ನೋಡಿ ಕಲಿತಳು. ಮಾವನವರು ಜಗಲಿಯ ಎದುರು ಕುಳಿತು ಚಿತ್ರ ಬರೆಯತೊಡಗಿದರು. ಕೈರೂಢಿಯಿಂದ ಎರಡೂ ಕಣ್ಣನ್ನು ಒಂದೇ ಗೆರೆಗೆ ತಂದುಬಿಟ್ಟಿದ್ದರು. ಹಿರಿಸೊಸೆಯೂ ಕಿರಿಸೊಸೆಯೂ ಒಟ್ಟಿಗೇ ಕೂಗಿದರು: "ಕಣ್ಣ ತಿದ್ದಬ್ಯಾಡ್ರಿ!" ಕೂಗಿ ಒಬ್ಬರನ್ನೊಬ್ಬರು ನೋಡಿ ಮುಖ ತಿರುಗಿಸಿದರು.

ಎಡೆ ಆಯಿತು. ಕರ್ಪೂರ ಆರಿತು. ಇನ್ನು ಎತ್ತಬೇಕು.

ಹಿರಿಯವಳು ಒಂದು ಹೆಜ್ಜೆ ಮುಂದೆ ಹೋಗಿ ನಿಂತಳು. ಕಿರಿಯವಳ ಕಡೆ ತಿರುಗಿ, "ನೀ ಎತ್ತ," ಎಂದಳು.

"ಇಲ್ಲಕ್ಕಾ, ನಿಮ್ಮ ಹಕ್ಕೈತಿ. ನೀವ ಎತ್ರಿ."

"ನನ್ನ ಬಾಯಿಯಿಂದನ ಹೋದಾಂವ ಅಂವ. ನೀ ಎತ್ತವಾ."

"ನನ್ನ ಕಣ್ಣಿಂದ ಹೋದಾಂವ್ರಿ. ನೀವ ಎತ್ರಿ."

ಅವಳು ಇವಳನ್ನು ಮುಂದೆ ನೂಕಿದಳು, ಇವಳು ಅವಳನ್ನು. ಇಷ್ಟು ವರ್ಷ ಮಾತಾಡದವರು ಒಬ್ಬರ ಕೈಯನ್ನೊಬ್ಬರು ಹಿಡಿದು ಜಗ್ಗಾಡುವುದನ್ನು ನೋಡಿ ಮನೆಯಾಕೆ ಅಳುತ್ತಿದ್ದವಳು ನಕ್ಕುಬಿಟ್ಟಳು. "ಹಿಂಗ ಮಾಡಕೋತ ನಿಂತ್ರ ಅಪ್ಪಾ ಮತ್ತ ಇಲ್ಲೇ ಉಳಿತಾನ ನೋಡ್ರಿ!"

"ಉಳೀಲಿ," ಎಂದರು ಅತ್ತೆ.

ಎಲ್ಲರೂ ಅವರ ಕಡೆ ತಿರುಗಿದೆವು. ಮಾವನವರ ಪೆನ್ಸಿಲು ನಿಂತಿತು.

"ಉಳೀಲಿ ಬಿಡ್ರಿ. ಇಕಿ ತವರಿನ ಕೊಡಾ ಕೊಟ್ಟಾಳ, ಕಾಲುಂಗರ ಕೊಟ್ಟಾಳ. ನಾ ಕೇಳಿಕೊಂಡಿದ್ದು ಅಂವ ಉಣ್ಣಲಿ ಅಂತ, ನನ್ನ ಮನ್ಯಾಗನ ಉಣ್ಣಲಿ ಅಂತ ಅಲ್ಲ." ಆಮೇಲೆ ಸೊಸೆಯರಿಬ್ಬರಿಗೆ, "ನಿಮಗ ನೋಡಬೇಕನಸಿದ್ರ ಇಬ್ಬರೂ ಕೂಡಿ ಬರ್ರಿ," ಎಂದರು.

ಮನೆಯಾಕೆ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕೊಬ್ಬರಿಬಟ್ಟಲು, ತಾನೇ ನೇಯ್ದ ಖಣ ತಂದು, ತವರಿನಿಂದ ಮಗಳನ್ನು ಕಳಿಸುವಾಗ ತುಂಬುವಂತೆ ಅತ್ತೆಯ ಉಡಿ ತುಂಬಿದಳು. ಮನೆದೇವರು ಇದ್ದ ಮನೆಯೇ ತವರು ಎಂದು ಅತ್ತೆ ಆಗಾಗ ಹೇಳುತ್ತಿದ್ದ ಮಾತು ನನಗೆ ಆಗ ತಿಳಿಯಿತು. ಬೀಳಗಿ ಕಡೆ ಮುಳುಗಿದ ತವರು ಅವರಿಗೆ ಬನಹಟ್ಟಿಯಲ್ಲಿ ಸಿಕ್ಕಿತ್ತು. ಆಮೇಲೆ ಎಲ್ಲರಿಗೂ ಎಲೆ ಹಾಕಿದರು. ಅತ್ತೆ ಕಡಬು ಮುರಿದು, ತುಪ್ಪಕ್ಕೆ ಅದ್ದಿ, ಬಾಯಿಗೆ ಇಟ್ಟುಕೊಂಡರು. ಕಣ್ಣು ಮುಚ್ಚಿ ನಿಧಾನಕ್ಕೆ ತಿಂದರು. ಇನ್ನೊಂದು ತೆಗೆದುಕೊಂಡರು, ಆಮೇಲೆ ಮತ್ತೊಂದು. ನಾವು ಯಾರೂ ಎಣಿಸಲಿಲ್ಲ. ಎಣಿಸಿದ್ದರೆ ದೃಷ್ಟಿ ಆಗುತ್ತಿತ್ತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಬರಿಗೈಲಿ ಬಂದೆವೆಂದು ಮಾವನವರು ಮುಖ ಊದಿಸಿಕೊಂಡು ಮೆಳ್ಳಗಣ್ಣನ ಚಿತ್ರಕ್ಕೆ ಗೋಡೆಯಲ್ಲಿ ಜಾಗ ಹುಡುಕುತ್ತಿದ್ದರು. ಅತ್ತೆ ಡಬ್ಬಿಯಲ್ಲಿ ಉಳಿದಿದ್ದ ಒಂದು ಕಡಬು ತೆಗೆದು ಸೀದಾ ದೂರದವನ ಮಣೆಯ ಮುಂದೆ ಕುಳಿತರು. ಚೂರು ಮುರಿದು ಆ ಉದ್ದ ನಾಲಗೆಯ ಮೇಲೆ ಇಟ್ಟರು. ಈ ಸಲ ಮಾವನವರು ಬಣ್ಣ, ಬಣ್ಣ ಎಂದು ಕೂಗಲಿಲ್ಲ.

"ಉಣ್ಣಪಾ," ಎಂದರು ಅತ್ತೆ, "ನಿಮ್ಮ ಊರಾಗೂ ನಿನ್ನ ಸಲುವಾಗಿ ಯಾವಾಕಿಯರೆ ಒಬ್ಬಾಕಿ ಏನರೆ ತಿನ್ನೂದು ಬಿಟ್ಟಿರತಾಳ."